ಹಸಿರು ಪುಸ್ತಕದಲ್ಲಿ ಏರದೆ ಉಳಿದ ಅಂಕಿ

ನನ್ನ ತಮ್ಮನ ಮನೆಯ ಅಲಮಾರಿನಲ್ಲಿ, ಕಾರ್ಖಾನೆಗೆ ಕಬ್ಬು ಸಾಗಿಸಿದ ಹಳೆಯ ರಸೀದಿಗಳ ಕಟ್ಟಿನ ನಡುವೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಹಸಿರು ಪುಸ್ತಕವಿದೆ. ಎ.ಆರ್.ಟಿ., ಅಂದರೆ ಎಚ್.ಐ.ವಿ.ಯನ್ನು ಅಡಗಿಸುವ ಮಾತ್ರೆಗಳ ಚಿಕಿತ್ಸೆ, ಕೊಡುವ ಕೇಂದ್ರಕ್ಕೆ ಓಡಾಡುವವರೆಲ್ಲ ಬಲ್ಲ ಪುಸ್ತಕ ಅದು. ಬಿಳಿ ಕಾರ್ಡು ಕೇಂದ್ರದಲ್ಲಿಯೇ ಉಳಿಯುತ್ತದೆ, ಹಸಿರು ಪುಸ್ತಕ ರೋಗಿಯ ಜೊತೆ ಮನೆಗೆ ಬರುತ್ತದೆ. ಅದರಲ್ಲಿ ಬೇರೆ ಬೇರೆಯವರ ಕೈಬರಹದಲ್ಲಿ, ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಒಂದು ಸಾಲು ಅಂಕಿಗಳಿವೆ: 38, 97, 142, 168, 151, 189, 176, 203, 188. ಇವು ಎಚ್.ಐ.ವಿ. ಹಾಳುಮಾಡುವ ನಿರೋಧಕ ಕೋಶಗಳ ಎಣಿಕೆ, ಅಂದರೆ ಅವನ ಸಿ.ಡಿ.ಫೋರ್ ಕೌಂಟ್‌ಗಳು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕೋಶಗಳು ಸುಮಾರು 500ರಿಂದ 1500ರವರೆಗೆ ಇರುತ್ತವೆ. ನನ್ನ ತಮ್ಮ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗುತ್ತಿದ್ದಾನೆ, ಅವನ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಅಡಗಿದೆ, ಆದರೂ ಆ ಸಾಲು 200ರ ಆಸುಪಾಸಿನಲ್ಲಿಯೇ ನಿಂತುಬಿಟ್ಟಿದೆ. ಅದೇಕೆ ಹಾಗೆ ಎಂಬುದನ್ನು ನಾನು ಈ ವರ್ಷಗಳಲ್ಲಿ ಓದಿ ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ತಮ್ಮ ಎಂದರೆ ಚಿಕ್ಕಪ್ಪನ ಮಗ. ಅವನನ್ನು ಕೇಳಿ, ಅವನು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರನ್ನೂ ಊರನ್ನೂ ಹೇಳುವುದಿಲ್ಲ. ಆ ಗೋಪ್ಯತೆ 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ಅವನಿಗೆ ಕೊಟ್ಟಿರುವ ಹಕ್ಕು. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಊರು ಎಂದಷ್ಟೇ ತಿಳಿದರೆ ಸಾಕು. ನಾನು ಮೈಸೂರಿನಲ್ಲಿ ಪಿ.ಯು. ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ವೈದ್ಯನಲ್ಲದಿದ್ದರೂ ಕೋಶ, ಗ್ರಂಥಿ, ಪ್ರೋಟೀನ್ ಎಂಬ ಮಾತುಗಳು ನನಗೆ ಅಪರಿಚಿತವಲ್ಲ.

2012ರ ಮಳೆಗಾಲದಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಮೈ ಇಳಿಯಿತು, ಕತ್ತಿನ ಪಕ್ಕದಲ್ಲಿ ಗಂಟು ಎದ್ದಿತು. ಅದಕ್ಕೂ ಎರಡು ವರ್ಷ ಮೊದಲು ಸೊಂಟದ ಸುತ್ತ ಸರ್ಪಸುತ್ತು ಎದ್ದಿತ್ತು. ಊರಿನವರು ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ವಾಸಿಯಾಯಿತೆಂದಿದ್ದರು. ಮೂವತ್ತರ ಆಸುಪಾಸಿನ ಗಟ್ಟಿ ಆಳಿಗೆ ಸರ್ಪಸುತ್ತು ಬಂದರೆ ಒಂದು ರಕ್ತಪರೀಕ್ಷೆ ಮಾಡಿಸಬೇಕೆಂದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಪಾಠ ಹೇಳುತ್ತಿದ್ದ ನನಗೂ ಹೊಳೆಯಲಿಲ್ಲ. ಕ್ಷಯ ಎಂದು ಖಚಿತವಾದ ಮೇಲೆ ಎಚ್.ಐ.ವಿ. ಪರೀಕ್ಷೆಯೂ ಆಯಿತು. ಮೊದಲ ಕೌಂಟ್ 38. ಕ್ಷಯದ ಮಾತ್ರೆ ಮೊದಲು ಶುರುವಾಗಿ, ಕೆಲವು ವಾರಗಳ ನಂತರ ಎ.ಆರ್.ಟಿ. ಸೇರಿಕೊಂಡಿತು. ಮಂಡ್ಯದಲ್ಲಿಯೇ ಕೇಂದ್ರವಿದ್ದರೂ, ಸಾಲಿನಲ್ಲಿ ನಿಂತಾಗ ಯಾರಾದರೂ ಗುರುತು ಹಿಡಿದಾರು ಎಂದು ಅವನು ಮೈಸೂರಿನ ಬಸ್ಸು ಹತ್ತುತ್ತಿದ್ದ. ಹೀಗೆ ತಿಂಗಳಿಗೊಮ್ಮೆ ಅವನು ನಮ್ಮ ಮನೆಗೆ ಬರುವಂತಾಯಿತು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಕ್ಷಯ ವಾಸಿಯಾಯಿತು, ಮೈ ತುಂಬಿಕೊಂಡಿತು, ಅವನು ಮತ್ತೆ ಗದ್ದೆಗೆ ಇಳಿದ. ಕೌಂಟ್ ಮಾತ್ರ 150ರ ಹತ್ತಿರ ಬಂದು ಕುಂಟತೊಡಗಿತು. ಅಲ್ಲಿಂದ ಅನುಮಾನ ಶುರುವಾಯಿತು. ಒಮ್ಮೆ ಕೇಂದ್ರದಲ್ಲಿ ಒಬ್ಬರು, ಎಲ್ಲರ ಎದುರಿಗೇ, "ನೀನು ಮಾತ್ರೆ ಸರಿಯಾಗಿ ತಗೋತಾ ಇಲ್ಲ, ಕುಡೀತೀಯ" ಎಂದರಂತೆ. ಆ ದಿನ ಅವನು ಮಧ್ಯಾಹ್ನ ನಮ್ಮ ಮನೆಗೆ ಬಂದು ಮಾತನಾಡದೆ ಕುಳಿತ. ಆಮೇಲೆ ಚೀಲದಿಂದ ಹಳೆಯ ಡಬ್ಬಿಯನ್ನು ತೆಗೆದು, ನನ್ನ ಹೆಂಡತಿ ಊಟಕ್ಕೆಂದು ಇಟ್ಟಿದ್ದ ಸ್ಟೀಲ್ ತಟ್ಟೆಯ ಮೇಲೆ ಉಳಿದ ಮಾತ್ರೆಗಳನ್ನು ಸುರಿದ. "ಅಣ್ಣ, ನೀನೇ ಎಣಿಸು" ಎಂದ. ನಾಲ್ಕು ಮಾತ್ರೆ ಇದ್ದವು. ಡಬ್ಬಿ ಕೊಟ್ಟ ದಿನಾಂಕವನ್ನು ಹಸಿರು ಪುಸ್ತಕದಲ್ಲಿ ನೋಡಿ, ಬೆರಳು ಮಡಚಿ ಲೆಕ್ಕ ಹಾಕಿದೆ. ಮೂವತ್ತರಲ್ಲಿ ಇಪ್ಪತ್ತಾರು ದಿನ ಕಳೆದಿದ್ದವು. ಲೆಕ್ಕ ಸರಿಯಾಗಿತ್ತು. ನಾನು ಎಣಿಸಿದ್ದಕ್ಕೆ ಇಂದಿಗೂ ನನಗೆ ನೋವಿದೆ, ಎಣಿಸದೆಯೇ ನಂಬಬೇಕಿತ್ತು.

ಆ ಅನುಮಾನಕ್ಕೆ ಕಾರಣವೂ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ದೇಶದಲ್ಲಿ ಸರ್ಕಾರದ ಉಚಿತ ಎ.ಆರ್.ಟಿ. ಶುರುವಾದದ್ದು 2004ರ ಏಪ್ರಿಲ್ 1ರಂದು. ಅಲ್ಲಿಂದ ಬಹಳ ವರ್ಷಗಳವರೆಗೆ ರಕ್ತದಲ್ಲಿರುವ ವೈರಸ್ಸನ್ನು ನೇರವಾಗಿ ಅಳೆಯುವ ವೈರಲ್ ಲೋಡ್ ಪರೀಕ್ಷೆ ಎಲ್ಲರಿಗೂ ವಾಡಿಕೆಯಾಗಿ ಸಿಗುತ್ತಿರಲಿಲ್ಲ. ಔಷಧ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದನ್ನು ಹೆಚ್ಚಾಗಿ ಸಿ.ಡಿ.ಫೋರ್ ಕೌಂಟ್ ನೋಡಿಯೇ ಊಹಿಸಬೇಕಿತ್ತು. ಕೌಂಟ್ ಏರಿದರೆ ಔಷಧ ಹಿಡಿದಿದೆ, ಏರದಿದ್ದರೆ ಔಷಧಕ್ಕೆ ವೈರಸ್ ಬಗ್ಗುತ್ತಿಲ್ಲ ಅಥವಾ ರೋಗಿ ನುಂಗುತ್ತಿಲ್ಲ. ಈ ಎರಡು ವಿವರಣೆಗಳ ಆಚೆ ಮೂರನೆಯದೊಂದು ಇದೆ ಎಂಬುದನ್ನು ತೋರಿಸುವ ಸಾಧನ ಕೇಂದ್ರದವರ ಕೈಯಲ್ಲಿಯೂ ಇರಲಿಲ್ಲ. ನಮ್ಮವನಿಗೆ ಮೊದಲ ವೈರಲ್ ಲೋಡ್ ಪರೀಕ್ಷೆ ಆದದ್ದು 2019ರಲ್ಲಿ. ವರದಿಯಲ್ಲಿ "ಟಾರ್ಗೆಟ್ ನಾಟ್ ಡಿಟೆಕ್ಟೆಡ್" ಎಂದಿತ್ತು. ಅಂದರೆ ಯಂತ್ರ ಹುಡುಕಿದರೂ ವೈರಸ್ ಸಿಕ್ಕಿಲ್ಲ. ಅದೇ ತಿಂಗಳ ಕೌಂಟ್ 176. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನಾವಿಬ್ಬರೂ ಬಹಳ ಹೊತ್ತು ನೋಡಿದೆವು. ಅವನ ಮೇಲಿನ ಅಪವಾದ ಅಂದಿಗೆ ಕಳೆಯಿತು. ಪ್ರಶ್ನೆ ಮಾತ್ರ ಉಳಿಯಿತು.

ಇಂಥವರನ್ನು ವೈದ್ಯಕೀಯ ಬರಹಗಳಲ್ಲಿ ಇಮ್ಯುನಾಲಾಜಿಕಲ್ ನಾನ್ ರೆಸ್ಪಾಂಡರ್ ಎನ್ನುತ್ತಾರೆ, ಅಂದರೆ ವೈರಸ್ ಅಡಗಿದರೂ ನಿರೋಧಕ ಶಕ್ತಿ ಚಿಕಿತ್ಸೆಗೆ ಓಗೊಡದವರು. ಈ ಹೆಸರು ನನಗೆ ಹಿಡಿಸುವುದಿಲ್ಲ. ಓಗೊಡದಿರುವುದು ರೋಗಿಯದೇ ಮೊಂಡುತನ ಎಂಬ ಧ್ವನಿ ಅದರಲ್ಲಿದೆ. ಎಷ್ಟು ವರ್ಷಕ್ಕೆ ಎಷ್ಟು ಕೌಂಟ್ ಏರದಿದ್ದರೆ ಈ ಹೆಸರಿಡಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆಯೂ ಇಲ್ಲ. ಕೆಲವರು 200 ಎನ್ನುತ್ತಾರೆ, ಕೆಲವರು 350, ಇನ್ನು ಕೆಲವರು 500. ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದರ ಮೇಲೆ, ಚಿಕಿತ್ಸೆ ಪಡೆಯುತ್ತಿರುವ ನೂರು ಮಂದಿಯಲ್ಲಿ ಹತ್ತರಿಂದ ನಲವತ್ತು ಮಂದಿಯವರೆಗೆ ಈ ಗುಂಪಿಗೆ ಸೇರುತ್ತಾರೆಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಇದು ಅಪರೂಪದ ಸಂಗತಿಯಲ್ಲ.

ಕೌಂಟ್ ಏರುವ ಬಗೆಯನ್ನು ಮೊದಲು ತಿಳಿಯಬೇಕು. ಸಿ.ಡಿ.ಫೋರ್ ಕೋಶಗಳು ಟಿ ಕೋಶಗಳ ಒಂದು ಬಗೆ, ಟಿ ಕೋಶಗಳು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಗುಂಪಿನವು. ನಾವು ರಕ್ತದಲ್ಲಿ ಎಣಿಸುವ ಲಿಂಫೋಸೈಟ್‌ಗಳು ದೇಹದಲ್ಲಿರುವ ಒಟ್ಟು ಲಿಂಫೋಸೈಟ್‌ಗಳ ಶೇಕಡ 2ರಷ್ಟು ಮಾತ್ರ. ಉಳಿದವು ದುಗ್ಧಗ್ರಂಥಿಗಳಲ್ಲಿ, ಗುಲ್ಮದಲ್ಲಿ, ಕರುಳಿನ ಒಳಗೋಡೆಯಲ್ಲಿ ಇರುತ್ತವೆ. ಔಷಧ ಶುರುವಾದ ಮೊದಲ ಎರಡು ಮೂರು ತಿಂಗಳಲ್ಲಿ ಕೌಂಟ್ ಜಿಗಿಯುವುದಕ್ಕೆ ಮುಖ್ಯ ಕಾರಣ, ಉರಿಯೂತದಿಂದಾಗಿ ಗ್ರಂಥಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದ ಹಳೆಯ ಕೋಶಗಳು ರಕ್ತಕ್ಕೆ ಬಿಡುಗಡೆಯಾಗುವುದು. ಅದು ಹೊಸ ಬೆಳೆಯಲ್ಲ, ಕಣಜದಲ್ಲಿದ್ದ ಹಳೆಯ ಧಾನ್ಯ ಹೊರಬಂದದ್ದು. ನಿಜವಾದ ಹೊಸ ಕೋಶಗಳು ಹುಟ್ಟಿ ಬಲಿತು ಲೆಕ್ಕಕ್ಕೆ ಸೇರುವುದು ಆಮೇಲೆ, ನಿಧಾನವಾಗಿ, ವರ್ಷಾನುಗಟ್ಟಲೆ ನಡೆಯುವ ಕೆಲಸ. ನಮ್ಮವನ ಪುಸ್ತಕದಲ್ಲಿ 38ರಿಂದ 142ರವರೆಗಿನ ಏರಿಕೆಯಲ್ಲಿ ಈ ಮೊದಲ ಹಂತದ ಪಾಲು ದೊಡ್ಡದಿದ್ದಿರಬೇಕು. ಎರಡನೆಯ ಹಂತ ಬರಲೇ ಇಲ್ಲ.

ಅದು ಏಕೆ ಬರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಅವನ ಗದ್ದೆಯ ಬದುವಿನ ಮೇಲೆ ನಿಂತಾಗ. ಮಂಡ್ಯದ ನಾಲೆ ಬಯಲಿನವರಿಗೆ ಚೌಳು ಎಂದರೇನೆಂದು ವಿವರಿಸಬೇಕಿಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ, ವರ್ಷವಿಡೀ ನೀರು ನಿಲ್ಲಿಸಿ ಕಬ್ಬು ಭತ್ತ ಬೆಳೆದ ತಗ್ಗಿನ ಜಮೀನುಗಳಲ್ಲಿ, ಬಸಿದು ಹೋಗಲು ದಾರಿಯಿಲ್ಲದೆ ನೆಲದಡಿಯ ನೀರು ಮೇಲಕ್ಕೆ ಬಂದು, ಆ ನೀರು ಆವಿಯಾದಾಗ ಉಪ್ಪು ಮಾತ್ರ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳ್ಳಗೆ ಬೂದಿ ಚೆಲ್ಲಿದಂತೆ ಕಾಣುತ್ತದೆ. ನಮ್ಮವನ ಪಾಲಿಗೆ ಬಂದ ಇಪ್ಪತ್ತು ಗುಂಟೆ ಹಾಗೆಯೇ ಕೆಟ್ಟಿತ್ತು. ಒಂದು ವರ್ಷ ಅವನು ತೂಬನ್ನು ಪೂರ್ತಿ ಮುಚ್ಚಿ, ಅತಿ ನೀರನ್ನು ನಿಲ್ಲಿಸಿ, ಒಳ್ಳೆಯ ಬಿತ್ತನೆ ತಂದು ಹಾಕಿದ. ಮೊಳಕೆ ಎದ್ದು ಗೇಣುದ್ದ ಬಂದು ಅಂಚು ಸುಟ್ಟು ಹೋಯಿತು. ಕಾಟ ಕೊಡುತ್ತಿದ್ದ ನೀರು ನಿಂತಿತ್ತು, ಬೀಜ ಚೆನ್ನಾಗಿತ್ತು, ನೆಲ ಕೆಟ್ಟಿತ್ತು. ಚೌಳು ಮಣ್ಣಿನಲ್ಲಿ ತೇವ ಇರುತ್ತದೆ, ಆದರೆ ಉಪ್ಪಿನ ಹಿಡಿತದಲ್ಲಿರುವ ಆ ತೇವವನ್ನು ಬೇರು ಹೀರಲಾರದು.

ದುಗ್ಧಗ್ರಂಥಿಯಲ್ಲಿ ನಡೆಯುವುದು ಇದಕ್ಕೆ ಬಹಳ ಹತ್ತಿರವಾಗಿದೆ. ಕತ್ತು, ಕಂಕುಳು, ತೊಡೆಸಂದು, ಹೊಟ್ಟೆಯೊಳಗೆ ಹರಡಿರುವ ಈ ಪುಟ್ಟ ಗ್ರಂಥಿಗಳು ಸಿ.ಡಿ.ಫೋರ್ ಕೋಶಗಳ ನೆಲ. ಗ್ರಂಥಿಯ ಒಳಗೆ ಸೂಕ್ಷ್ಮ ನಾರುಗಳ ಒಂದು ಬಲೆಯಿದೆ. ಹೊಸ ಕೋಶಗಳು ಆ ಬಲೆಯ ಎಳೆಗಳ ಮೇಲೆ ಹರಿದಾಡುತ್ತ, ಬಲೆ ಹೆಣೆದಿರುವ ಕೋಶಗಳಿಂದ ಇಂಟರ್‌ಲ್ಯೂಕಿನ್-7 ಎಂಬ ಬದುಕುಳಿಯುವ ಸಂಕೇತವನ್ನು ಪಡೆಯುತ್ತವೆ. ಅದು ಸಿಗದಿದ್ದರೆ ಹೊಸ ಕೋಶ ಕೆಲವೇ ದಿನಗಳಲ್ಲಿ ಸಾಯುತ್ತದೆ. ಎಚ್.ಐ.ವಿ. ವರ್ಷಾನುಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದಾಗ ಗ್ರಂಥಿಯಲ್ಲಿ ಸದಾ ಉರಿಯೂತವಿರುತ್ತದೆ. ಆ ಉರಿಯೂತವನ್ನು ತಣಿಸಲು ದೇಹವೇ ಟಿ.ಜಿ.ಎಫ್. ಬೀಟಾ ಎಂಬ ರಾಸಾಯನಿಕವನ್ನು ಸುರಿಸುತ್ತದೆ, ಅದು ಸುತ್ತಲಿನ ಕೋಶಗಳಿಗೆ ಕೊಲ್ಯಾಜೆನ್ ನಾರನ್ನು ಹೊಲಿಯಲು ಹೇಳುತ್ತದೆ. ಗಾಯ ಮಾಗಿದ ಜಾಗದಲ್ಲಿ ಚರ್ಮ ಗಂಟುಗಟ್ಟುವಂತೆ ಗ್ರಂಥಿಯ ಒಳಭಾಗ ಗಂಟುಗಟ್ಟುತ್ತದೆ. ಬಲೆ ಹರಿಯುತ್ತದೆ. ಇಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಕೌಂಟ್ ಕಡಿಮೆಯಿರುವವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-7 ಸಾಮಾನ್ಯಕ್ಕಿಂತ ಹೆಚ್ಚೇ ಇರುತ್ತದೆ. ತೇವ ಇದೆ, ಬೇರಿಗೆ ಸಿಗುತ್ತಿಲ್ಲ. ಆ ಬಲೆ ಹೆಣೆಯುವ ಕೋಶಗಳು ಬದುಕಿರಬೇಕಾದರೆ ಅವಕ್ಕೆ ಟಿ ಕೋಶಗಳಿಂದ ಬರುವ ಸಂಕೇತವೂ ಬೇಕು. ಟಿ ಕೋಶ ಕಡಿಮೆಯಾದಷ್ಟೂ ಬಲೆ ಹರಿಯುತ್ತದೆ, ಬಲೆ ಹರಿದಷ್ಟೂ ಟಿ ಕೋಶ ಸಾಯುತ್ತದೆ. ಮಾತ್ರೆ ವೈರಸ್ಸಿನ ತೂಬನ್ನು ಮುಚ್ಚುತ್ತದೆ. ಕೂಡಿಬಿದ್ದ ಕೊಲ್ಯಾಜೆನ್ ನಾರನ್ನು ಕರಗಿಸುವ ಗುಣ ಅದಕ್ಕಿಲ್ಲ.

ಕರುಳಿನ ಕಥೆ ಇನ್ನೂ ಮೊದಲೇ ಶುರುವಾಗುತ್ತದೆ. ದೇಹದ ಸಿ.ಡಿ.ಫೋರ್ ಕೋಶಗಳ ದೊಡ್ಡ ಪಾಲು ಕರುಳಿನ ಒಳಗೋಡೆಯಲ್ಲಿಯೇ ವಾಸವಾಗಿದೆ. ಸೋಂಕು ತಗುಲಿದ ಮೊದಲ ಕೆಲವೇ ವಾರಗಳಲ್ಲಿ, ರಕ್ತದ ಕೌಂಟ್ ಇನ್ನೂ ಚೆನ್ನಾಗಿಯೇ ಇರುವಾಗ, ಅಲ್ಲಿನ ಬಹುಪಾಲು ಕೋಶಗಳು ನಾಶವಾಗುತ್ತವೆಂದು 2004ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಸತ್ತವುಗಳಲ್ಲಿ ಟಿ.ಎಚ್.17 ಎಂಬ ಬಗೆಯವು ಮುಖ್ಯ, ಏಕೆಂದರೆ ಕರುಳಿನ ಗೋಡೆಯನ್ನು ಬಿಗಿಯಾಗಿ ಇಡುವ ಕೆಲಸ ಅವುಗಳದು. ಅವು ಹೋದ ಮೇಲೆ ಗೋಡೆ ಸೋರುತ್ತದೆ. ಬ್ಯಾಕ್ಟೀರಿಯಾ ಇಡಿಯಾಗಿ ದಾಟದಿದ್ದರೂ ಅವುಗಳ ಕವಚದ ಚೂರುಗಳು ರಕ್ತಕ್ಕೆ ಸೇರುತ್ತವೆ. 2006ರಲ್ಲಿ ಇದು ಎಚ್.ಐ.ವಿ. ರೋಗಿಗಳ ರಕ್ತದಲ್ಲಿ ಅಳತೆಗೆ ಸಿಕ್ಕಿತು. ಈ ಚೂರುಗಳನ್ನು ಕಂಡ ನಿರೋಧಕ ವ್ಯವಸ್ಥೆ ಹಗಲಿರುಳು ಕೆರಳಿರುತ್ತದೆ. ಕೆರಳಿದ ಟಿ ಕೋಶ ಬೇಗ ವಿಭಜಿಸುತ್ತದೆ, ಬೇಗ ದಣಿಯುತ್ತದೆ, ಬೇಗ ಸಾಯುತ್ತದೆ. ಮಾತ್ರೆಯಿಂದ ರಕ್ತದ ಕೌಂಟ್ ಸುಧಾರಿಸಿದವರಲ್ಲಿಯೂ ಕರುಳು ಅಷ್ಟೇ ಪ್ರಮಾಣದಲ್ಲಿ ಸುಧಾರಿಸುವುದಿಲ್ಲ. ಕೌಂಟ್ ಏರದವರಲ್ಲಿ ಈ ಕೆರಳಿಕೆಯ ಗುರುತುಗಳು ಏರಿದವರಿಗಿಂತ ಹೆಚ್ಚು ಕಾಣುತ್ತವೆ. ವೈರಸ್ ಮಲಗಿದ ಮೇಲೆಯೂ ಬೆಂಕಿ ಆರದಿರುವುದಕ್ಕೆ ಈ ಸೋರುವ ಗೋಡೆಯೇ ಒಂದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಇನ್ನು ಕೋಶಗಳು ಸಾಯುವ ರೀತಿ. ಪಾಠ ಹೇಳುವಾಗ ನಾನು ವೈರಸ್ ಹೊಕ್ಕ ಕೋಶವನ್ನು ವೈರಸ್ಸೇ ಒಡೆಯುತ್ತದೆ ಎಂದಷ್ಟೇ ಹೇಳುತ್ತಿದ್ದೆ. 2014ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ವಾರ್ನರ್ ಗ್ರೀನ್ ಅವರ ತಂಡ ತೋರಿಸಿದ್ದು ಬೇರೆ. ಗ್ರಂಥಿಯ ಅಂಗಾಂಶದಲ್ಲಿ ಸಾಯುವ ಸಿ.ಡಿ.ಫೋರ್ ಕೋಶಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಪಾಲು ವೈರಸ್ ಪೂರ್ತಿ ನೆಲೆಯೂರದೆ ಅರ್ಧಕ್ಕೇ ನಿಂತ ಕೋಶಗಳು. ತನ್ನೊಳಗೆ ಸಿಕ್ಕ ವೈರಸ್ಸಿನ ತುಣುಕನ್ನು ಗುರುತಿಸಿದ ಕೋಶ ತಾನೇ ಸಿಡಿದು ಸಾಯುತ್ತದೆ, ಸಿಡಿಯುವಾಗ ಉರಿಯೂತ ತರುವ ದ್ರವವನ್ನು ಸುತ್ತ ಚೆಲ್ಲುತ್ತದೆ, ಆ ಉರಿಯೂತ ಹೊಸ ಕೋಶಗಳನ್ನು ಅಲ್ಲಿಗೇ ಕರೆಯುತ್ತದೆ. ಈ ಸಾವಿಗೆ ಪೈರಾಪ್ಟೋಸಿಸ್ ಎಂದು ಹೆಸರು. ಇದು ಚಿಕಿತ್ಸೆಯಿಲ್ಲದ ಕಾಲದ ಚಿತ್ರ. ಆದರೆ ಕೌಂಟ್ ಏರದವರಲ್ಲಿ ಚಿಕಿತ್ಸೆಯ ನಂತರವೂ ಈ ಬಗೆಯ ಸಾವು ಸ್ವಲ್ಪ ಮಟ್ಟಿಗೆ ಮುಂದುವರಿಯುತ್ತದೆ ಎಂಬುದಕ್ಕೆ ಗುರುತುಗಳು ಸಿಕ್ಕಿವೆ.

ಹೊಸ ಟಿ ಕೋಶಗಳ ಶಾಲೆ ಥೈಮಸ್ ಗ್ರಂಥಿ. ಎದೆಮೂಳೆಯ ಹಿಂದೆ ಇರುವ ಇದು ಮಗುವಿನಲ್ಲಿ ದೊಡ್ಡದಾಗಿದ್ದು, ಹರೆಯದ ನಂತರ ಕುಗ್ಗುತ್ತ, ಜಾಗಕ್ಕೆ ಕೊಬ್ಬು ತುಂಬಿಕೊಳ್ಳುತ್ತದೆ. ವಯಸ್ಸಾದ ಮೇಲೆ ಚಿಕಿತ್ಸೆ ಶುರುಮಾಡಿದವರಲ್ಲಿ ಕೌಂಟ್ ನಿಧಾನವಾಗಿ ಏರುವುದಕ್ಕೂ, ಮಕ್ಕಳಲ್ಲಿ ಬೇಗ ಏರುವುದಕ್ಕೂ ಇದು ಕಾರಣ. ಎಚ್.ಐ.ವಿ. ಥೈಮಸ್ಸನ್ನೂ ಅಸ್ಥಿಮಜ್ಜೆಯನ್ನೂ ನೇರವಾಗಿ ಬಾಧಿಸುತ್ತದೆ. ಇವುಗಳ ಜೊತೆಗೆ ಹೆಪಟೈಟಿಸ್ ಸಿ ಸೋಂಕು, ಸೈಟೋಮೆಗಲೋ ವೈರಸ್ಸಿನಂಥ ಒಳಗೇ ಕುಳಿತ ಬೇರೆ ಸೋಂಕುಗಳು, ಅಸ್ಥಿಮಜ್ಜೆಯನ್ನು ಕುಗ್ಗಿಸುವ ಜಿಡೊವುಡಿನ್‌ನಂಥ ಹಳೆಯ ಔಷಧಗಳು, ಕೆಲವರಲ್ಲಿ ತಮ್ಮದೇ ಸಿ.ಡಿ.ಫೋರ್ ಕೋಶಗಳ ಮೇಲೆ ತಿರುಗಿಬೀಳುವ ಪ್ರತಿಕಾಯಗಳು ಕೂಡ ಸೇರಿಕೊಳ್ಳುತ್ತವೆ. ಗಂಡಸರಲ್ಲಿ ಹೆಂಗಸರಿಗಿಂತ ಚೇತರಿಕೆ ಕಡಿಮೆ. ಒಬ್ಬೊಬ್ಬರಲ್ಲಿ ಒಂದೊಂದರ ಪಾಲು ಹೆಚ್ಚಿರಬಹುದು, ಹಾಗಾಗಿ ಎಲ್ಲರಿಗೂ ಒಂದೇ ಕಾರಣ ಹುಡುಕಲಾಗದು.

ಆದರೆ ಇವೆಲ್ಲಕ್ಕಿಂತ ಬಲವಾಗಿ, ಅಧ್ಯಯನದಿಂದ ಅಧ್ಯಯನಕ್ಕೆ ಮರಳಿ ಮರಳಿ ಎದ್ದು ಬರುವ ಕಾರಣ ಒಂದೇ: ಔಷಧ ಶುರುವಾಗುವ ಮುನ್ನ ಕೌಂಟ್ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು. 38ಕ್ಕೆ ಇಳಿದವನ ಗ್ರಂಥಿ, ಕರುಳು, ಥೈಮಸ್ ಅದಾಗಲೇ ಎಂಟು ಹತ್ತು ವರ್ಷ ಬೆಂದಿರುತ್ತವೆ. ಉಚಿತ ಚಿಕಿತ್ಸೆ ಶುರುವಾದಾಗ ನಮ್ಮಲ್ಲಿ ಕೌಂಟ್ 200ಕ್ಕಿಂತ ಇಳಿದರೆ ಮಾತ್ರ ಮಾತ್ರೆ ಕೊಡುವ ನಿಯಮವಿತ್ತು, ನಮ್ಮವನ ಕಾಲಕ್ಕೆ ಆ ಗೆರೆ 350ಕ್ಕೆ ಏರಿತ್ತು. ಔಷಧದ ದುಷ್ಪರಿಣಾಮ, ಖರ್ಚು, ಆಗಿನ ತಿಳಿವಳಿಕೆ ಎಲ್ಲ ಸೇರಿ ಆ ನಿಯಮ ಬಂದಿತ್ತು. ಬಹಳ ಮಂದಿ ಪರೀಕ್ಷೆ ಮಾಡಿಸಿ, ಸೋಂಕು ಇದೆಯೆಂದು ತಿಳಿದು, "ನಿಮ್ಮ ಕೌಂಟ್ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ" ಎಂದು ಕೇಳಿಸಿಕೊಂಡು ಮನೆಗೆ ಮರಳಿದವರೇ. 2015ರಲ್ಲಿ ಸ್ಟಾರ್ಟ್ ಎಂಬ ಪ್ರಯೋಗದ ಫಲಿತಾಂಶ ಬಂತು. 35 ದೇಶಗಳ 4,685 ಮಂದಿಯಲ್ಲಿ, ಕೌಂಟ್ 500ಕ್ಕಿಂತ ಮೇಲಿರುವಾಗಲೇ ಮಾತ್ರೆ ಶುರುಮಾಡಿದವರಿಗೆ, ಕಾದು ಶುರುಮಾಡಿದವರಿಗಿಂತ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ ಶೇಕಡ 57ರಷ್ಟು ಕಡಿಮೆಯಾಗಿತ್ತು. ಅದಾಗಿ ಎರಡು ವರ್ಷಕ್ಕೆ, 2017ರಲ್ಲಿ, ಭಾರತದಲ್ಲಿಯೂ ಸೋಂಕು ಗೊತ್ತಾದ ಕೂಡಲೇ ಕೌಂಟ್ ನೋಡದೆ ಎಲ್ಲರಿಗೂ ಮಾತ್ರೆ ಎಂಬ ನೀತಿ ಬಂತು. ನಮ್ಮವನಿಗೆ ಮಾತ್ರ ನಿಯಮದ ಗೆರೆ ಅಡ್ಡ ಬಂದದ್ದಲ್ಲ, ಸರ್ಪಸುತ್ತು ಎದ್ದ ದಿನ ಪರೀಕ್ಷೆ ಆಗದಿದ್ದದ್ದು ಅಡ್ಡ ಬಂತು. ಆ ಎರಡು ವರ್ಷಗಳನ್ನು ನಾನು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ.

ಏರದ ಕೌಂಟನ್ನು ಏರಿಸುವ ಮದ್ದು ಇಲ್ಲವೇ ಎಂದು ಅವನೂ ಕೇಳಿದ, ನಾನೂ ಹುಡುಕಿದೆ. ಸಂತೆಯಲ್ಲಿ ಮಾರುವ ಕಷಾಯದಿಂದ ಹಿಡಿದು ಪರಂಗಿ ಎಲೆಯ ರಸದವರೆಗೆ ಸಲಹೆ ಕೊಡುವವರಿಗೆ ಕೊರತೆಯಿರಲಿಲ್ಲ. ಒಂದು ಬಾರಿ ನೆಂಟರೊಬ್ಬರ ಮಾತು ಕೇಳಿ ಆರು ಸಾವಿರ ರೂಪಾಯಿ ಕಳೆದ. ವಿಜ್ಞಾನದ ಕಡೆಯಿಂದ ನಡೆದ ಅತಿ ದೊಡ್ಡ ಪ್ರಯತ್ನ ಇಂಟರ್‌ಲ್ಯೂಕಿನ್-2ರದು. ಟಿ ಕೋಶಗಳನ್ನು ಹೆಚ್ಚಿಸುವ ಈ ಪ್ರೋಟೀನನ್ನು ಎ.ಆರ್.ಟಿ.ಯ ಜೊತೆಗೆ ಚುಚ್ಚುಮದ್ದಾಗಿ ಕೊಟ್ಟು ನೋಡಿದ ಎಸ್ಪ್ರಿಟ್ ಮತ್ತು ಸಿಲ್ಕಾಟ್ ಎಂಬ ಎರಡು ಪ್ರಯೋಗಗಳಲ್ಲಿ ಕ್ರಮವಾಗಿ 4,111 ಮತ್ತು 1,695 ಮಂದಿ ಇದ್ದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೌಂಟ್ ನಿಜಕ್ಕೂ ಏರಿತ್ತು, ಮೊದಲನೆಯದರಲ್ಲಿ ಸರಾಸರಿ 160ರಷ್ಟು, ಎರಡನೆಯದರಲ್ಲಿ 50ಕ್ಕೂ ಹೆಚ್ಚು. ಆದರೆ ಸೋಂಕುಗಳೂ ಸಾವುಗಳೂ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅಂಕಿ ಬೆಳೆಯಿತು, ರಕ್ಷಣೆ ಬೆಳೆಯಲಿಲ್ಲ. ಇದನ್ನು ಓದಿದ ದಿನ ನನಗೆ ನಿರಾಸೆಯಾದದ್ದು ನಿಜ, ಆದರೆ ಹಸಿರು ಪುಸ್ತಕದ ಅಂಕಿಯನ್ನು ನೋಡುವ ನನ್ನ ಕಣ್ಣು ಅಂದಿನಿಂದ ಬದಲಾಯಿತು. ಆ ಅಂಕಿ ಯಾವ ಕೋಶಗಳು ಎಷ್ಟು ಹೊಸವು, ಎಷ್ಟು ದಣಿದವು, ಎಷ್ಟು ಬಗೆಯ ರೋಗಾಣುಗಳನ್ನು ಗುರುತಿಸಬಲ್ಲವು ಎಂಬುದನ್ನು ಹೇಳುವುದಿಲ್ಲ. ಇರುವ ಎ.ಆರ್.ಟಿ.ಯ ಮೇಲೆ ಇನ್ನೊಂದು ಔಷಧ ಸೇರಿಸಿ ನೋಡಿದ ಪ್ರಯೋಗಗಳಿಂದಲೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ವೈರಸ್ ಅಡಗಿರುವಾಗ ಕೇವಲ ಕೌಂಟ್ ಏರಲಿಲ್ಲವೆಂದು ಮಾತ್ರೆ ಬದಲಿಸುವುದರಲ್ಲಿ ಅರ್ಥವಿಲ್ಲ ಎಂಬುದು ಇವುಗಳಿಂದ ತಿಳಿದದ್ದು. 2021ರಲ್ಲಿ ಡೊಲುಟೆಗ್ರಾವಿರ್ ಇರುವ ಹೊಸ ಮಾತ್ರೆಗೆ ಅವನನ್ನು ಬದಲಿಸಿದರು. ಹಳೆಯ ಮಾತ್ರೆ ತರುತ್ತಿದ್ದ ಕೆಟ್ಟ ಕನಸುಗಳು ನಿಂತವು, ಅದೊಂದು ದೊಡ್ಡ ನೆಮ್ಮದಿ. ಕೌಂಟ್ ಇದ್ದಲ್ಲಿಯೇ ಇತ್ತು.

ಹಾಗಾದರೆ ಇಂಥವರ ಪಾಡೇನು? ಕೌಂಟ್ ಏರಿದವರಿಗೆ ಹೋಲಿಸಿದರೆ ಇವರಿಗೆ ಕ್ಷಯ, ನ್ಯುಮೋನಿಯಾ, ಕೆಲವು ಕ್ಯಾನ್ಸರ್‌ಗಳು, ಹೃದಯದ ತೊಂದರೆಗಳ ಅಪಾಯ ಹೆಚ್ಚು, ಅದನ್ನು ಮುಚ್ಚಿಡಬಾರದು. ಆದರೆ ವೈರಸ್ ಅಡಗಿದ 180ಕ್ಕೂ, ವೈರಸ್ ಕುಣಿಯುತ್ತಿರುವ 180ಕ್ಕೂ ಅಜಗಜಾಂತರವಿದೆ. ಮೊದಲನೆಯವನು ದಿನದಿಂದ ದಿನಕ್ಕೆ ಇಳಿಯುತ್ತಿಲ್ಲ. ಅವನಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ದಾಟುವುದಿಲ್ಲ. ಈ ಮಾತನ್ನು ಅವನ ಹೆಂಡತಿಗೆ ಬಿಡಿಸಿ ಹೇಳಿದವರು ಮೈಸೂರಿನ ಕೇಂದ್ರದ ಒಬ್ಬ ಕೌನ್ಸೆಲರ್ ಹೆಣ್ಣುಮಗಳು, ಅದೂ ಒಂದು ಗಂಟೆ ಬಿಡುವು ಮಾಡಿಕೊಂಡು. ಅವನ ಮನೆಯಲ್ಲಿ ಆಮೇಲೆ ಮೂಡಿದ ನಿರಾಳವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಳಿದದ್ದು ಕಾವಲು ಕಾಯುವ ಕೆಲಸ. ಕೌಂಟ್ 350 ಮುಟ್ಟಿ ನಿಲ್ಲುವವರೆಗೆ ಕೋಟ್ರಿಮೋಕ್ಸಜೋಲ್ ಮಾತ್ರೆ ನುಂಗಬೇಕು. ಕೇಂದ್ರದ ಸಾಲಿನಲ್ಲಿ ನಿಂತವರೆಲ್ಲ ಅದನ್ನು ಸೆಪ್ಟ್ರಾನ್ ಎನ್ನುತ್ತಾರೆ. ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕಿನಿಂದಲೂ ಮೆದುಳಿನ ಟಾಕ್ಸೊಪ್ಲಾಸ್ಮಾದಿಂದಲೂ ಅದು ಕಾಪಾಡುತ್ತದೆ. "ವರ್ಷಗಟ್ಟಲೆ ಇದನ್ನೇಕೆ ನುಂಗಬೇಕು, ಆರಾಮಾಗಿದ್ದೇನಲ್ಲ" ಎಂದು ಅವನು ಒಮ್ಮೆ ಬಿಟ್ಟುಬಿಡುವುದರಲ್ಲಿದ್ದ. ಕೌಂಟ್ ಏರದವರಿಗೆ ಈ ಬಿಳಿ ಮಾತ್ರೆ ಎ.ಆರ್.ಟಿ.ಯಷ್ಟೇ ಮುಖ್ಯವೆಂದು ನಾನು ಗದರಿಯೇ ಹೇಳಬೇಕಾಯಿತು. ಪ್ರತಿ ಭೇಟಿಯಲ್ಲಿಯೂ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಈ ನಾಲ್ಕನ್ನು ಕೇಳುತ್ತಾರೆ. ಕ್ಷಯ ಬಾರದಂತೆ ತಡೆಯುವ ಐಸೋನಿಯಜಿಡ್ ಮಾತ್ರೆಯ ಸರದಿಯೂ ಮುಗಿಯಿತು. ಬೀಡಿ ಬಿಟ್ಟಿದ್ದಾನೆ. ಹೆಪಟೈಟಿಸ್ ಪರೀಕ್ಷೆ ಮಾಡಿಸಿ ಇಲ್ಲವೆಂದು ಖಚಿತಪಡಿಸಿಕೊಂಡಿದ್ದೇವೆ. ಏರದ ಕೌಂಟಿನ ಹಿಂದೆ ಅಡಗಿದ ಕ್ಷಯವೋ, ಮಜ್ಜೆಯ ಬೇರೆ ಕಾಯಿಲೆಯೋ ಇರಬಹುದಾದ್ದರಿಂದ ವೈದ್ಯರು ಅವನ್ನೂ ಒಂದೊಂದಾಗಿ ನೋಡಿ ಬದಿಗಿಟ್ಟಿದ್ದಾರೆ. ಇಷ್ಟೆಲ್ಲ ನೋಡಿದ ಮೇಲೆಯೇ ಈ ಹೆಸರನ್ನು ಇಡಬೇಕು, ಮೊದಲೇ ಇಟ್ಟು ಸುಮ್ಮನಾಗಬಾರದು.

ಕಳೆದ ಸಂಕ್ರಾಂತಿಯ ಮರುದಿನ ಅವನ ಊರಿಗೆ ಹೋಗಿದ್ದೆ. ಚೌಳು ಹಿಡಿದ ಆ ಇಪ್ಪತ್ತು ಗುಂಟೆಯ ಅಂಚಿನಲ್ಲಿ ಅವನು ಮೂರು ವರ್ಷದ ಹಿಂದೆ ಬಸಿಗಾಲುವೆ ತೆಗೆಸಿದ್ದ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಮಣ್ಣು ತೋರಿಸಿ ಕೇಳಿ ಜಿಪ್ಸಂ ಹಾಕಿಸಿದ್ದ, ಎರಡು ಸಲ ಹಸಿರೆಲೆ ಗೊಬ್ಬರದ ಡಯಾಂಚ ಬೆಳೆದು ಮಡಕೆ ಹೊಡೆದಿದ್ದ. ಒಂದು ಮೂಲೆಯಲ್ಲಿ ಈಗಲೂ ಬೆಳ್ಳಗೆ ಉಪ್ಪು ಕಾಣುತ್ತದೆ. ಉಳಿದ ಕಡೆ ಭತ್ತ ಕೊಯ್ದ ಕೂಳೆ ಇತ್ತು. ಪಕ್ಕದವರ ಗದ್ದೆಯ ಅರ್ಧದಷ್ಟು ಇಳುವರಿ ಬಂತೆಂದ. ಬದುವಿನ ಮೇಲೆ ಕುಳಿತು ಎಳ್ಳು ಬೆಲ್ಲ ತಿಂದೆವು. ಜೇಬಿನಿಂದ ಹಸಿರು ಪುಸ್ತಕ ತೆಗೆದು ಕೊನೆಯ ಸಾಲನ್ನು ತೋರಿಸಿದ. 188ರ ಕೆಳಗೆ ಹೊಸ ಶಾಯಿಯಲ್ಲಿ 194 ಎಂದಿತ್ತು, ಅದರ ಪಕ್ಕದ ಅಂಕಣದಲ್ಲಿ ವೈರಲ್ ಲೋಡ್ ಸಿಕ್ಕಿಲ್ಲ ಎಂದು ಬರೆದಿತ್ತು. ನಾನು ಎರಡನ್ನೂ ಓದಿ ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಕವರಿನಲ್ಲಿ ಸುತ್ತಿ, ಮಣ್ಣಾಗದಂತೆ ಅಂಗಿಯ ಒಳಜೇಬಿಗೆ ಸೇರಿಸಿ, ತೂಬಿನ ಕಡೆ ನಡೆದ.